ಲ್ಯಾಪ್‌ಟಾಪ್ ನಿಧಾನ ಅಂತ ವಿಂಡೋಸ್ 11 ಹಾಕಿಸಬೇಕಾ?

ಪ್ರಶ್ನೆ: ನಾನು ತಿಪಟೂರಿನಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರು. 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಐ3-6006ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ನುಡಿಯಲ್ಲಿ ಪ್ರಶ್ನೆಪತ್ರಿಕೆ ಮಾಡುತ್ತೇನೆ, ಎಕ್ಸೆಲ್‌ನಲ್ಲಿ ಅಂಕಪಟ್ಟಿ, ಆಗಾಗ ಆನ್‌ಲೈನ್ ಮೀಟಿಂಗ್. ಈಗ ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ ಅಂತ ಸಂದೇಶ ಬರುತ್ತಿದೆ. ಇಲ್ಲಿಯ ಅಂಗಡಿಯವರು ವಿಂಡೋಸ್ 11 ಹಾಕಿಕೊಡುತ್ತೇನೆ, ಸ್ಪೀಡೂ ಆಗುತ್ತದೆ ಎನ್ನುತ್ತಾರೆ. ಮಗಳು ವಿಂಡೋಸ್ ಬದಲು ಲಿನಕ್ಸ್ ಹಾಕು ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಸಬೇಡಿ. ಆ ದುಡ್ಡಿನ ಜೊತೆಗೆ ಇನ್ನೊಂದಿಷ್ಟು ಸೇರಿಸಿ ಹಾರ್ಡ್ ಡಿಸ್ಕಿನ ಬದಲು ಕೂರುವ ಚಿಪ್ಪುಗಳ ಡಿಸ್ಕು, ಅಂದರೆ ಒಂದು ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ 10 ಹಾಗೇ ಇರಲಿ, ಅದಕ್ಕೆ ಇನ್ನೊಂದಿಷ್ಟು ಕಾಲ ಸೆಕ್ಯುರಿಟಿ ಅಪ್‌ಡೇಟ್ ಬರುವ ದಾರಿ ಇದೆ. ಅದನ್ನು ಮಾಡಿಕೊಳ್ಳಿ. ಯಾಕೆ ಅಂತ ಈಗ ವಿವರವಾಗಿ ಹೇಳುತ್ತೇನೆ.

ನೀವು ಕೇಳಿದ್ದು ಒಂದೇ ಪ್ರಶ್ನೆ ಥರ ಕಾಣುತ್ತದೆ, ಆದರೆ ಅದರಲ್ಲಿ ಎರಡಿವೆ. ಕಂಪ್ಯೂಟರ್ ಯಾಕೆ ನಿಧಾನ ಅನ್ನೋದು ಒಂದು. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತಲ್ಲ, ಇನ್ನು ಬಳಸಬಹುದಾ ಅನ್ನೋದು ಇನ್ನೊಂದು. ಇವೆರಡಕ್ಕೂ ಸಂಬಂಧವೇ ಇಲ್ಲ. ಅಂಗಡಿಯವರು ಎರಡನ್ನೂ ಒಂದೇ ಗಂಟು ಕಟ್ಟಿ ನಿಮ್ಮ ಕೈಗೆ ಕೊಟ್ಟಿದ್ದಾರೆ, ಅಷ್ಟೆ. ಅವರು ಸುಳ್ಳು ಹೇಳಿದ್ದಾರೆ ಅಂತಲೂ ಅಲ್ಲ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಯಾವ ವಿಂಡೋಸ್ ಹಾಕಿದರೂ ಮೊದಲ ಒಂದೆರಡು ವಾರ ಚುರುಕಾಗಿಯೇ ಇರುತ್ತದೆ. ಹಿನ್ನೆಲೆಯಲ್ಲಿ ಓಡುತ್ತಿದ್ದ ಹಳೇ ಸರಕೆಲ್ಲ ಹೋಗಿರುತ್ತಲ್ಲ. ಆಮೇಲೆ ನೀವು ನುಡಿ ಹಾಕುತ್ತೀರಿ, ಆಫೀಸ್ ಹಾಕುತ್ತೀರಿ, ಪ್ರಿಂಟರ್‌ದು ಹಾಕುತ್ತೀರಿ, ಬ್ರೌಸರ್ ತನ್ನ ಪಾಡಿಗೆ ಬೆಳೆಯುತ್ತದೆ. ಒಂದು ತಿಂಗಳಿಗೆ ಮತ್ತೆ ಅದೇ ಕಾಫಿ ಕಥೆ.

ಹಾಗಾಗಿ ಮೊದಲು ನಿಧಾನದ ವಿಷಯ. ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ ಸೇರಿಸಿ. ಕಂಪ್ಯೂಟರನ್ನೇ ಕೇಳಿ. ಆನ್ ಮಾಡಿ, ಏನನ್ನೂ ತೆರೆಯದೆ ಹತ್ತು ನಿಮಿಷ ಬಿಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಚಿಕ್ಕದಾಗಿ ಬಂದರೆ ಕೆಳಗೆ ಮೋರ್ ಡೀಟೇಲ್ಸ್ ಅಂತ ಇರುತ್ತದೆ, ಒತ್ತಿ. ಪರ್ಫಾರ್ಮೆನ್ಸ್ ಅನ್ನುವ ಪುಟಕ್ಕೆ ಹೋಗಿ. ಎಡಗಡೆ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಮೂರು ಸಾಲು ಕಾಣುತ್ತವೆ. ಈಗ ಬ್ರೌಸರ್ ತೆರೆಯಿರಿ, ವರ್ಡ್ ತೆರೆಯಿರಿ, ಆ ಮೂರು ಸಂಖ್ಯೆಗಳನ್ನು ನೋಡುತ್ತಾ ಇರಿ.

ನಾನು ಊಹಿಸುವುದು ಇಷ್ಟು. ಸಿಪಿಯು 20, 30, ಆಗೊಮ್ಮೆ 60 ಅಂತ ಏರಿಳಿಯುತ್ತಿರುತ್ತದೆ. ಮೆಮೊರಿ 80ರ ಮೇಲೆ. ಡಿಸ್ಕ್ ಮಾತ್ರ 100 ಅಂತ ಹೋಗಿ ಅಲ್ಲೇ ಕೂತುಬಿಡುತ್ತದೆ. ಡಿಸ್ಕ್ ಮೇಲೆ ಕ್ಲಿಕ್ ಮಾಡಿ ಕೆಳಗೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 100 ಪರ್ಸೆಂಟ್ ಕೆಲಸ ಮಾಡುತ್ತಿದೆ ಅನ್ನುವ ಡಿಸ್ಕು ಸೆಕೆಂಡಿಗೆ ಓದುತ್ತಿರುವುದು ಬರೀ 1 ಅಥವಾ 2 ಎಂಬಿ! ಒಂದು ಫೋಟೋದಷ್ಟೂ ಅಲ್ಲ.

ಇದು ಹೇಗೆ ಅಂದರೆ, ನಿಮ್ಮ ಹಾರ್ಡ್ ಡಿಸ್ಕ್ ಒಳಗೆ ನಿಜಕ್ಕೂ ಒಂದು ತಟ್ಟೆ ಸುತ್ತುತ್ತಿದೆ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ನಿಮಿಷಕ್ಕೆ 5400 ಸುತ್ತಿನವು. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಆ ಜಾಗಕ್ಕೆ ಸರಿಯಲು ಇನ್ನೊಂದು 10-12 ಮಿಲಿಸೆಕೆಂಡ್. ಒಟ್ಟು ಲೆಕ್ಕ ಹಾಕಿದರೆ ಸೆಕೆಂಡಿಗೆ ಅರವತ್ತು ಸಲ ಓಡಾಡಬಹುದು, ಅಷ್ಟೆ. ಒಂದೇ ದೊಡ್ಡ ಸಿನಿಮಾ ಫೈಲನ್ನು ಓದುವಾಗ ಇದು ತೊಂದರೆಯಲ್ಲ, ಒಂದೇ ಕಡೆ ಕೂತು ಸರಸರ ಓದುತ್ತದೆ, ಸೆಕೆಂಡಿಗೆ 100 ಎಂಬಿ ಬರುತ್ತದೆ. ಆದರೆ ವಿಂಡೋಸ್ ಆನ್ ಆಗುವಾಗ ಸಾವಿರಾರು ಚೂರುಪಾರು ಫೈಲುಗಳು ಬೇಕು. ಒಂದೊಂದು ಒಂದೊಂದು ಮೂಲೆಯಲ್ಲಿ. ಒಂದೊಂದೂ 4 ಕೆಬಿಯ ಚೂರು ಅಂದುಕೊಳ್ಳಿ. ಅರವತ್ತು ಸಲ ಓಡಾಡಿದರೆ ಸಿಗುವುದು 240 ಕೆಬಿ. ವಿಂಡೋಸ್ ಒಂದಿಷ್ಟು ಜಾಣತನದಿಂದ ಸಾಲು ಹೊಂದಿಸಿ ಅದನ್ನು 1 ಎಂಬಿಗೋ 2 ಎಂಬಿಗೋ ಏರಿಸುತ್ತದೆ.

ಮದುವೆ ಮನೆ ನೆನಪಿಸಿಕೊಳ್ಳಿ. ಅಡುಗೆಭಟ್ಟರು ಎಷ್ಟೇ ಚುರುಕಾಗಿರಲಿ, ಉಗ್ರಾಣದಿಂದ ಸಾಮಾನು ತರುವ ಹುಡುಗ ಒಬ್ಬನೇ ಇದ್ದಾನೆ, ಅವನು ಒಂದು ಸಲಕ್ಕೆ ಒಂದು ಹಿಡಿ ಸಾಸಿವೆ ಮಾತ್ರ ತರುತ್ತಾನೆ ಅಂದರೆ ಊಟ ಯಾವಾಗ ಆದೀತು? ಭಟ್ಟರು ಒಲೆ ಮುಂದೆ ಕೈಕಟ್ಟಿ ಕೂತಿರುತ್ತಾರೆ. ನಿಮ್ಮ ಪ್ರೊಸೆಸರ್ ಮಾಡುತ್ತಿರುವುದು ಅದನ್ನೇ. ಈಗ ಭಟ್ಟರಿಗೆ ಹೊಸ ಪಂಚೆ ಉಡಿಸಿದರೆ ಅಡುಗೆ ಬೇಗ ಆಗುತ್ತಾ? ವಿಂಡೋಸ್ 11 ಅಂದರೆ ಆ ಪಂಚೆ. ಸಾಲದ್ದಕ್ಕೆ ಹೊಸ ಪಂಚೆ ಉಟ್ಟ ಭಟ್ಟರಿಗೆ ಸಾಮಾನು ಜಾಸ್ತಿ ಬೇಕು.

ಎಸ್‌ಎಸ್‌ಡಿಯಲ್ಲಿ ತಟ್ಟೆ ಇಲ್ಲ, ಮುಳ್ಳಿಲ್ಲ, ಸುತ್ತುವುದೇ ಇಲ್ಲ. ಎಲ್ಲ ಚಿಪ್. ಸೆಕೆಂಡಿಗೆ ಅರವತ್ತು ಸಲದ ಬದಲು ಹತ್ತಾರು ಸಾವಿರ ಸಲ. ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ದೊಡ್ಡ ಫೈಲುಗಳನ್ನು ಸೆಕೆಂಡಿಗೆ 500 ಎಂಬಿ ಮೇಲೆ ಓದುತ್ತದೆ, ಆದರೆ ನಿಮಗೆ ಮುಖ್ಯ ಅದಲ್ಲ, ಆ ಚೂರುಪಾರು ಓದುವ ವೇಗ. ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿಕೊಂಡವರು ಯಾರಾದರೂ ಸ್ಟಾಫ್ ರೂಮಿನಲ್ಲಿ ಇದ್ದರೆ ಕೇಳಿ ನೋಡಿ. ಇಷ್ಟು ವರ್ಷ ಯಾಕೆ ಹಾಕಿಸಲಿಲ್ಲ ಅಂತ ಬೈದುಕೊಳ್ಳದವರನ್ನು ನಾನು ಕಂಡಿಲ್ಲ.

ನಮ್ಮ ಭಾವನ ಲ್ಯಾಪ್‌ಟಾಪಿನದು ಇದಕ್ಕೆ ಸರಿಯಾದ ಉದಾಹರಣೆ. ಅದು ನಿಮ್ಮದಕ್ಕಿಂತ ಹೊಸದು, 8ನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11ಕ್ಕೆ ಅರ್ಹವೇ. ಆದರೆ 4 ಜಿಬಿ ರ‍್ಯಾಮ್, ಸುತ್ತುವ ಡಿಸ್ಕು. ನನ್ನನ್ನು ಕೇಳದೆ ಒಂದು ಸಂಜೆ ಏಳಕ್ಕೆ ಅಪ್‌ಗ್ರೇಡ್ ಒತ್ತಿ ಮಲಗಿದರು. ಬೆಳಗ್ಗೆ ಎದ್ದಾಗ ಇನ್ನೂ ಪರ್ಸೆಂಟೇಜ್ ಓಡುತ್ತಿತ್ತು. ಮುಗಿದ ಮೇಲೆ ಸ್ಟಾರ್ಟ್ ಮೆನು ತೆರೆಯುವುದಕ್ಕೇ ಏಳೆಂಟು ಸೆಕೆಂಡು. ಹೀಗೆ ಅಪ್‌ಗ್ರೇಡ್ ಮಾಡಿದ ಮೇಲೆ 10 ದಿನದೊಳಗೆ ಹಿಂದಿನದಕ್ಕೆ ವಾಪಸ್ ಹೋಗಬಹುದು, ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಅಂತ ಇರುತ್ತದೆ. ಒಂಬತ್ತನೇ ದಿನ ಫೋನ್ ಮಾಡಿದರು. ವಾಪಸ್ ಹೋದೆವು, ಎಸ್‌ಎಸ್‌ಡಿ ಹಾಕಿದೆವು, ರ‍್ಯಾಮ್ 8 ಮಾಡಿದೆವು, ಆಮೇಲೆ ಮತ್ತೆ ಅದೇ ವಿಂಡೋಸ್ 11. ಈ ಸಲ ಒಂದು ಗಂಟೆಯೂ ಹಿಡಿಯಲಿಲ್ಲ. ಈಗ ಚೆನ್ನಾಗಿ ಓಡುತ್ತಿದೆ. ಅದೇ ವಿಂಡೋಸ್, ಅದೇ ಲ್ಯಾಪ್‌ಟಾಪ್.

ಈಗ ರ‍್ಯಾಮ್. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಅಂತ ಕಂಡದ್ದು ಇದೇ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಸಾಕು ಅಂದರೆ ಆನ್ ಆಗುವುದಕ್ಕೆ ಸಾಕು. ಸುಮ್ನೆ ಕೂತಿದ್ದಾಗಲೇ ಅದು ಎರಡೂವರೆಯಿಂದ ಮೂರು ಜಿಬಿ ತಿನ್ನುತ್ತದೆ. ನಿಮ್ಮದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಗೂ ಇದೇ ರ‍್ಯಾಮಿನಿಂದ ಪಾಲು ಹೋಗುತ್ತದೆ. ಉಳಿದದ್ದರಲ್ಲಿ ನುಡಿ, ಎಕ್ಸೆಲ್, ಬ್ರೌಸರ್, ಮೀಟಿಂಗ್ ಎಲ್ಲ ಕೂರಬೇಕು. ಜಾಗ ಸಾಲದಾದಾಗ ವಿಂಡೋಸ್ ಒಂದಿಷ್ಟನ್ನು ಎತ್ತಿ ಡಿಸ್ಕಿಗೆ ಹಾಕುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಮತ್ತೆ ಆ ಸಾಸಿವೆ ಹುಡುಗನ ಹತ್ತಿರವೇ. ಹಾಗಾಗಿ ರ‍್ಯಾಮ್ ಕಡಿಮೆ ಇದ್ದಾಗ ಡಿಸ್ಕ್ ಇನ್ನಷ್ಟು ಒದ್ದಾಡುತ್ತದೆ.

ರ‍್ಯಾಮ್ 8 ಜಿಬಿ ಮಾಡಿಸಿದರೆ ಒಳ್ಳೆಯದು. ಆದರೆ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಮೊದಲು ಎಸ್‌ಎಸ್‌ಡಿ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿ ಕೂತಿದೆ. ಹಾಗಾಗಿ ಇಲ್ಲಿ ರೂಪಾಯಿ ಲೆಕ್ಕ ಬರೆಯಲ್ಲ, ಇವತ್ತು ಬರೆದದ್ದು ಮುಂದಿನ ವಾರಕ್ಕೆ ತಪ್ಪಾಗಿರುತ್ತದೆ. ಎರಡು ಮೂರು ಕಡೆ ಕೇಳಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ಒಮ್ಮೆ ವಿಚಾರಿಸಿಕೊಂಡು ಬರಲಿ. ಕೊಳ್ಳುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ನಿಮ್ಮ ಪ್ರೊಸೆಸರ್ ಡಿಡಿಆರ್4 ಮತ್ತು ಡಿಡಿಆರ್3ಎಲ್ ಅನ್ನುವ ಎರಡು ಬಗೆಯ ರ‍್ಯಾಮಿಗೂ ಹೊಂದುತ್ತದೆ, ಲ್ಯಾಪ್‌ಟಾಪ್ ಮಾಡಿದವರು ಯಾವುದನ್ನು ಹಾಕಿದ್ದಾರೋ ಅದೇ ಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಅಂತ ಇರುತ್ತದೆ. ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಬೌಟ್ ಅಂತ ಹೋಗಿ ವಿಂಡೋಸ್ 64 ಬಿಟ್ಟಿನದಾ 32 ಬಿಟ್ಟಿನದಾ ನೋಡಿ. ಆ ಕಾಲದಲ್ಲಿ ಕೆಲವು ಅಂಗಡಿಗಳಲ್ಲಿ 4 ಜಿಬಿ ಲ್ಯಾಪ್‌ಟಾಪಿಗೆ 32 ಬಿಟ್ ಹಾಕಿ ಕೊಡುತ್ತಿದ್ದರು. 32 ಬಿಟ್ ವಿಂಡೋಸ್‌ಗೆ 4 ಜಿಬಿ ಮೇಲೆ ಎಷ್ಟು ರ‍್ಯಾಮ್ ಹಾಕಿದರೂ ಕಣ್ಣಿಗೆ ಬೀಳುವುದಿಲ್ಲ. ದುಡ್ಡು ದಂಡ.

ದುಡ್ಡು ಖರ್ಚಿಲ್ಲದ ಮೂರು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟಪ್ ಅಂತ ಪುಟ ಇದೆ. ಆನ್ ಆದ ಕೂಡಲೇ ತಾನಾಗಿ ಶುರುವಾಗುವವುಗಳ ಪಟ್ಟಿ ಅದು. ಮೀಟಿಂಗ್ ಆ್ಯಪ್, ಪ್ರಿಂಟರ್ ಸಹಾಯಕ, ಯಾವತ್ತೋ ಹಾಕಿದ ಪಿಡಿಎಫ್ ಸಾಮಾನು, ಇವನ್ನೆಲ್ಲ ಬಲಗಡೆ ಕ್ಲಿಕ್ ಮಾಡಿ ಡಿಸೇಬಲ್ ಮಾಡಿ. ಅವೇನೂ ಅಳಿಸಿ ಹೋಗುವುದಿಲ್ಲ, ಕರೆದಾಗ ಬರುತ್ತವೆ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ನಿಮಗೆ ಸಾಕು. ಇನ್ನೊಂದು, ಲ್ಯಾಪ್‌ಟಾಪನ್ನು ದಿನಾ ಶಟ್‌ಡೌನ್ ಮಾಡಿದರೂ ವಿಂಡೋಸ್ 10ರಲ್ಲಿ ಅದು ಪೂರ್ತಿ ಮಲಗುವುದಿಲ್ಲ, ಬೇಗ ಏಳಲಿ ಅಂತ ಅರ್ಧ ಎಚ್ಚರವಾಗಿಯೇ ಇರುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಒತ್ತಿ. ಅದು ಪೂರ್ತಿ ಹೊಸದಾಗಿ ಏಳುವುದು ಆಗಲೇ.

ಸರಿ, ಈಗ ಎರಡನೇ ಪ್ರಶ್ನೆ. ಅದು ಚಿಲ್ಲರೆ ವಿಷಯ ಅಲ್ಲ.

ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ, ಮಾಮೂಲಿ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ನಿಂತಿತು ಅಂದರೆ ಕಂಪ್ಯೂಟರ್ ನಿಲ್ಲುವುದಿಲ್ಲ. ನುಡಿ ಓಡುತ್ತದೆ, ಎಕ್ಸೆಲ್ ಓಡುತ್ತದೆ. ಹೊಸ ತೂತು ಕಂಡಾಗ ಮುಚ್ಚುವವರು ಇರುವುದಿಲ್ಲ ಅನ್ನುವುದೇ ತೊಂದರೆ. ಆ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ನೋಡುತ್ತೀರಿ, ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತೀರಿ, ಮಕ್ಕಳ ಅಂಕ ಇಡುತ್ತೀರಿ. ಅದನ್ನು ವರ್ಷಗಟ್ಟಲೆ ಹಾಗೇ ಬಿಡುವುದು ಸರಿಯಲ್ಲ. ನೀವು ಬಳಸುವ ಆಫೀಸ್ 2016 ಅಥವಾ 2019 ಆಗಿದ್ದರೆ ಅವಕ್ಕೂ ಅದೇ ದಿನ ಅಪ್‌ಡೇಟ್ ನಿಂತಿದೆ ಅನ್ನುವುದನ್ನೂ ಗಮನದಲ್ಲಿಡಿ. ಇದನ್ನು ಹೇಳುವವರು ಕಡಿಮೆ.

ಆದರೆ ಮನೆ ಬಳಕೆಯ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಅವಕಾಶ ಕೊಟ್ಟಿದೆ. ಇಎಸ್‌ಯು ಅಂತ ಹೆಸರು. ಅದಕ್ಕೆ ಹೆಸರು ಕೊಟ್ಟರೆ 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಬರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ವಿಂಡೋಸ್ ಅಪ್‌ಡೇಟ್. ಅಲ್ಲಿ ಎನ್‌ರೋಲ್ ಅನ್ನುವ ಕೊಂಡಿ ಇರುತ್ತದೆ. ಕಾಣದಿದ್ದರೆ ನಿಮ್ಮದು 22ಎಚ್2 ಅನ್ನುವ ಕೊನೆಯ ಆವೃತ್ತಿ ಆಗಿದೆಯಾ ನೋಡಿ. ಸ್ಟಾರ್ಟ್‌ನಲ್ಲಿ ವಿನ್‌ವರ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಗೊತ್ತಾಗುತ್ತದೆ. ಹಳೆಯದಾಗಿದ್ದರೆ ಬಾಕಿ ಅಪ್‌ಡೇಟ್ ಎಲ್ಲ ಮೊದಲು ಮುಗಿಸಿ. ಇದಕ್ಕೆ ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿಕೊಂಡರೆ ಪುಕ್ಕಟೆ. ಅದು ಬೇಡ ಅನ್ನುವವರಿಗೆ ಅವರ ರಿವಾರ್ಡ್ಸ್‌ನ 1000 ಪಾಯಿಂಟ್, ಇಲ್ಲವೇ 30 ಡಾಲರಿಗೆ ಸಮನಾದ ದುಡ್ಡು. ನಿಮ್ಮಂಥವರು ಪುಕ್ಕಟೆ ದಾರಿಯಲ್ಲೇ ಹೋಗಿ. ಬ್ಯಾಕಪ್ ಆಗುವುದು ಮುಖ್ಯವಾಗಿ ಸೆಟ್ಟಿಂಗ್ಸ್. ಅಷ್ಟಕ್ಕೆ 30 ಡಾಲರ್ ಕೊಡುವ ಅಗತ್ಯ ಇಲ್ಲ.

ಇನ್ನು ವಿಂಡೋಸ್ 11 ನಿಮ್ಮದಕ್ಕೆ ಬರುತ್ತದಾ ಅನ್ನುವುದನ್ನೂ ನೋಡೋಣ. ಬರಲ್ಲ, ಅಂದರೆ ಅಧಿಕೃತವಾಗಿ ಬರಲ್ಲ. 2021ರ ಅಕ್ಟೋಬರ್ 5ಕ್ಕೆ ಅದು ಬಿಡುಗಡೆ ಆದಾಗಲೇ ಇಂಟೆಲ್‌ನಲ್ಲಿ 8ನೇ ತಲೆಮಾರು ಮತ್ತು ಮೇಲಿನವು ಅಂತ ಗೆರೆ ಎಳೆದರು. 7ನೇದರಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಬಾಗಿಲು ತೆರೆದರು. ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಅಥವಾ ಪ್ರೊಸೆಸರ್ ಒಳಗೇ ಇರುವ ಅದರ ರೂಪ ಬೇಕು, ಆನ್ ಆಗುವಾಗ ಕಳ್ಳ ಸಾಫ್ಟ್‌ವೇರನ್ನು ತಡೆಯುವ ಸೆಕ್ಯೂರ್ ಬೂಟ್ ಬೇಕು. ಟಿಪಿಎಂ ನಿಮ್ಮದರಲ್ಲಿ ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಆನ್ ಮಾಡಿದರೆ ಸಿಕ್ಕಿದರೂ ಸಿಕ್ಕೀತು, ಆದರೆ 6006ಯು 6ನೇ ತಲೆಮಾರಿನದು. ಹೆಸರಿನ ನಾಲ್ಕು ಅಂಕಿಗಳಲ್ಲಿ ಮೊದಲನೆಯದು ತಲೆಮಾರು. 7200ಯು ಅಂದರೆ 7ನೇದು, 8250ಯು ಅಂದರೆ 8ನೇದು. ಮೈಕ್ರೋಸಾಫ್ಟ್ ಬೇಕಂತಲೇ ಹಳೇ ಯಂತ್ರಗಳನ್ನು ಹೊರಗಿಟ್ಟಿದೆ ಅಂತ ಬಹಳ ಜನ ಬೈಯುತ್ತಾರೆ. ನನಗೂ ಸ್ವಲ್ಪ ಸಿಟ್ಟಿದೆ, ಚೆನ್ನಾಗಿ ಓಡುವ ಎಷ್ಟೋ ಯಂತ್ರಗಳು ಗುಜರಿಗೆ ಹೋಗುತ್ತವಲ್ಲ ಅಂತ. ಆದರೆ ಒಂದು ಕಾರಣ ಮಾತ್ರ ನಿಜ. ವಿಂಡೋಸ್ 11 ಮೆಮೊರಿ ಇಂಟೆಗ್ರಿಟಿ ಅನ್ನುವ ಒಂದು ಕಾವಲನ್ನು ಹೊಸ ಯಂತ್ರಗಳಲ್ಲಿ ಆನ್ ಇಟ್ಟೇ ಬರುತ್ತದೆ. ಆ ಕಾವಲಿಗೆ ಬೇಕಾದ ಅನುಕೂಲ ಹೊಸ ಪ್ರೊಸೆಸರ್‌ಗಳ ಒಳಗೇ ಇದೆ. ನಿಮ್ಮ 6ನೇ ತಲೆಮಾರಿನದರಲ್ಲಿ ಇಲ್ಲ, ಅದನ್ನು ಸಾಫ್ಟ್‌ವೇರಿನಲ್ಲಿ ನಟಿಸಬೇಕು. ನಟನೆಗೆ ಸಮಯ ಜಾಸ್ತಿ ಹಿಡಿಯುತ್ತದೆ. ಅಂದರೆ ನಿಧಾನ ಆಗುವ ದಾರಿ ಇನ್ನೊಂದು.

ಹಾಗಾದರೆ ಅಂಗಡಿಯವರು ಹೇಗೆ ಹಾಕಿಕೊಡುತ್ತೇನೆ ಅಂದರು? ತಪಾಸಣೆಯನ್ನು ದಾಟಿಸಿ ಹಾಕುವ ಉಪಾಯಗಳಿವೆ. ಪೆನ್‌ಡ್ರೈವ್ ಮಾಡುವಾಗಲೇ ಒಂದು ಟಿಕ್ ಹಾಕಿದರೆ ಆಯಿತು. ಕಷ್ಟವೇನಿಲ್ಲ, ನಾನೂ ಪರೀಕ್ಷೆಗೆ ಅಂತ ಒಂದು ಹಳೇ ಯಂತ್ರದಲ್ಲಿ ಮಾಡಿದ್ದೇನೆ. ಓಡುತ್ತದೆ. ತಿಂಗಳ ಅಪ್‌ಡೇಟೂ ಬರುತ್ತಿದೆ. ಆದರೆ ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡಲೇಬೇಕು ಅನ್ನುವ ಬದ್ಧತೆ ತನಗಿಲ್ಲ ಅಂತ ಮೈಕ್ರೋಸಾಫ್ಟ್ ಬರೆದೇ ಇಟ್ಟಿದೆ. ಜೊತೆಗೆ ವಿಂಡೋಸ್ 11ರ ಒಂದೊಂದು ಆವೃತ್ತಿಗೂ ಮನೆ ಬಳಕೆಯಲ್ಲಿ 24 ತಿಂಗಳ ಆಯಸ್ಸು. ಅದು ಮುಗಿದಾಗ ಮುಂದಿನ ಆವೃತ್ತಿ ನಿಮ್ಮದಕ್ಕೆ ತಾನಾಗಿ ಬರಲ್ಲ, ಮತ್ತೆ ಅದೇ ಉಪಾಯ ಮಾಡಿ ಹಾಕಬೇಕು. 24ಎಚ್2 ಆವೃತ್ತಿ ಬಂದಾಗ ತೀರಾ ಹಳೆಯ ಕೆಲವು ಪ್ರೊಸೆಸರ್‌ಗಳಲ್ಲಿ ಆ ಉಪಾಯವೂ ನಡೆಯಲಿಲ್ಲ. ಯಂತ್ರ ಬೂಟ್ ಆಗುವುದೇ ನಿಂತಿತು. ನಿಮ್ಮದು ಅಷ್ಟು ಹಳೆಯದಲ್ಲ, ಆದರೂ ಇಂಥ ಜಾಗದಲ್ಲಿ ಯಾಕೆ ಮನೆ ಕಟ್ಟಬೇಕು? ಕಂಪ್ಯೂಟರ್ ಬಿಚ್ಚಿ ಆಡುವ ಹವ್ಯಾಸ ಇರುವವರಿಗೆ ಇದು ಸರಿ. ಮಾರ್ಚ್ ತಿಂಗಳಲ್ಲಿ ಅಂಕಪಟ್ಟಿ ಕಳಿಸಬೇಕಾದ ಮೇಷ್ಟ್ರಿಗೆ ಅಲ್ಲ.

ಇನ್ನೊಂದು ವಿಷಯ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ಲೈಸೆನ್ಸ್ ನಿಮ್ಮದೇ ಇರುತ್ತದಾ, ಅಥವಾ ಲೈಸೆನ್ಸ್ ಇಲ್ಲದೆ ಓಡಿಸುವ ಕ್ರ್ಯಾಕ್ ಹಾಕಿ ಆ್ಯಕ್ಟಿವೇಟ್ ಮಾಡುತ್ತಾರಾ? ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್ ಆದರೆ ನಿಮ್ಮ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿದರೂ ಹೋಗುವುದಿಲ್ಲ. ಹಾಗಿರುವಾಗ ಎಲ್ಲಿಂದಲೋ ತಂದ ಕ್ರ್ಯಾಕ್ ಹಾಕಿಸಿಕೊಂಡರೆ ಸೆಕ್ಯುರಿಟಿಗೋಸ್ಕರ ಅಪ್‌ಗ್ರೇಡ್ ಮಾಡಿದ್ದೇ ಸುಳ್ಳಾಗುತ್ತದೆ.

ಮಗಳ ಮಾತಿಗೆ ಬರುತ್ತೇನೆ. ಲಿನಕ್ಸ್ ಅಂದದ್ದು ತಪ್ಪಲ್ಲ, ಅವಳಿಗೆ ನನ್ನ ಶಹಬ್ಬಾಸ್ ಹೇಳಿ. ಲಿನಕ್ಸ್ ಮಿಂಟ್‌ನಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಇದೆ, 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಇದೆ. ಪುಕ್ಕಟೆ. ಕನ್ನಡ ಟೈಪಿಂಗೂ ತೊಂದರೆ ಇಲ್ಲ, ಐಬಸ್ ಅನ್ನುವುದರಲ್ಲಿ ನಮ್ಮ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಬೆರಳು ಪಳಗಿದವರು ಹಾಗೇ ಒತ್ತಬಹುದು. ಬರುವುದು ಯೂನಿಕೋಡ್ ಕನ್ನಡ, ಅಂದರೆ ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಇರುವ ಅಕ್ಷರ. ಆದರೆ ನುಡಿ ತಂತ್ರಾಂಶ ವಿಂಡೋಸ್‌ಗೆ ಅಂತ ಮಾಡಿದ್ದು. ನಿಮ್ಮ ಹಳೇ ಪ್ರಶ್ನೆಪತ್ರಿಕೆಗಳು ನುಡಿ 01 ಇ ಥರದ ಫಾಂಟಿನಲ್ಲಿ ಇದ್ದರೆ ಅವು ನಿಜವಾಗಿ ಕನ್ನಡ ಅಕ್ಷರಗಳೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಫಾಂಟು ಇಲ್ಲದ ಕಡೆ ತೆರೆದರೆ ವೇಷ ಕಳಚಿ, ತಲೆ ಮೇಲೆ ಗೀಟು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫಾಂಟ್ ಹಾಕಿಕೊಂಡರೆ ಕಾಣುವುದೇನೋ ಕಂಡೀತು. ತಿದ್ದುವುದು ತಲೆನೋವು. ಇನ್ನು ಎಕ್ಸೆಲ್ ಬದಲು ಲಿಬ್ರೆ ಆಫೀಸ್. ಇಲಾಖೆಯಿಂದ ಬರುವ, ಮ್ಯಾಕ್ರೋ (ಒಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ) ಇರುವ ಫೈಲುಗಳು ಅದರಲ್ಲಿ ಎಡವುತ್ತವೆ. ಹಳೇ ಪ್ರಿಂಟರ್ ಇದ್ದರೆ ಅದಕ್ಕೆ ಡ್ರೈವರ್ ಹುಡುಕುವುದು ಒಂದು ಭಾನುವಾರದ ಕೆಲಸ. ಹಾಗಾಗಿ ನಿಮ್ಮ ಒಂದೇ ಲ್ಯಾಪ್‌ಟಾಪನ್ನು ಪೂರ್ತಿ ಲಿನಕ್ಸ್‌ಗೆ ಬಿಟ್ಟುಕೊಡಲು ನಾನು ಹೇಳಲ್ಲ. ಮಗಳು ಒಂದು ಪೆನ್‌ಡ್ರೈವಿಗೆ ಮಿಂಟ್ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಿ ನೋಡಲಿ. ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ, ಇನ್‌ಸ್ಟಾಲ್ ಅನ್ನುವುದನ್ನು ಒತ್ತದಿದ್ದರೆ ಸಾಕು. ಪ್ರಿಂಟರ್, ವೈಫೈ, ಕ್ಯಾಮೆರಾ ಎಲ್ಲ ಹಿಡಿಯುತ್ತದಾ ಅಂತ ಅಲ್ಲೇ ತಿಳಿಯುತ್ತದೆ.

ಹಾಗೆ ನೋಡಿದರೆ ಆ ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಕೆಲಸವನ್ನು ಲಿನಕ್ಸ್ ಇರಲಿ ಬಿಡಲಿ ಈ ಬೇಸಿಗೆ ರಜೆಯಲ್ಲಿ ಶುರು ಮಾಡಿ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಪಕ್ಕದ ಮನೆಯವರ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಕೊಟ್ಟೆ. ಡಾಕ್ಯುಮೆಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿದ್ದೆ, ಹೆಮ್ಮೆಯಿಂದ ವಾಪಸ್ ಹಾಕಿದೆ. ಅವರು ಕೇಳಿದ್ದು ಒಂದೇ ಮಾತು, ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆನಲ್ಲ, ಅದು? ಹೋಗಿತ್ತು. ಉಳಿದ ಫೈಲುಗಳೋ, ಫಾಂಟ್ ಕಾಪಿ ಮಾಡದ್ದರಿಂದ ಬರೀ ಗೀಟು ಚುಕ್ಕೆ. ಫಾಂಟು ಆಮೇಲೆ ಸಿಕ್ಕಿತು, ಡೆಸ್ಕ್‌ಟಾಪಿನದು ಸಿಗಲೇ ಇಲ್ಲ. ಅವರು ಇವತ್ತಿಗೂ ಏನೂ ಅನ್ನುವುದಿಲ್ಲ, ಅದೇ ಬೇಜಾರು.

ಆದ್ದರಿಂದ ಎಸ್‌ಎಸ್‌ಡಿ ಹಾಕಿಸುವಾಗ ಫಾರ್ಮ್ಯಾಟ್ ಬೇಡ, ಕ್ಲೋನ್ ಮಾಡಿಕೊಡಿ ಅನ್ನಿ. ಹಳೇ ಡಿಸ್ಕಿನಲ್ಲಿ ಇರುವುದು ಇದ್ದ ಹಾಗೇ, ವಿಂಡೋಸ್, ನುಡಿ, ಫಾಂಟು, ಡೆಸ್ಕ್‌ಟಾಪು, ಪಾಸ್‌ವರ್ಡು ಸಮೇತ ಹೊಸದಕ್ಕೆ ಬರುತ್ತದೆ. ಹೊಸ ಎಸ್‌ಎಸ್‌ಡಿ 1 ಟಿಬಿಯೇ ಆಗಬೇಕಿಲ್ಲ. ಸಿ ಮತ್ತು ಡಿ ಎರಡೂ ಸೇರಿ ಈಗ ಎಷ್ಟು ತುಂಬಿದೆ ನೋಡಿ. 150 ಜಿಬಿ ಆಗಿದ್ದರೆ 256ರದ್ದು ನಡೆಯುತ್ತದೆ, ನಾನಾದರೆ 500ರದ್ದು ಹಾಕಿಸುತ್ತಿದ್ದೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಅಂತ ಕೇಳಿ, ನಿಮ್ಮ ಹಾರ್ಡ್ ಡಿಸ್ಕ್ ಕೂತಿರುವ ಜಾಗದಲ್ಲೇ ಅದು ಕೂರುತ್ತದೆ. ಇದಕ್ಕಿಂತ ಫಾಸ್ಟ್ ಇದೆ, ಎನ್‌ವಿಎಂಇ ಹಾಕಿಸಿ ಅಂತ ಯಾರಾದರೂ ಅಂದರೆ, ಆ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗ ಇದೆಯಾ ಅಂತ ತೋರಿಸಲು ಹೇಳಿ. ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು ಕ್ಯಾಡಿ ಅನ್ನುವ ಒಂದು ಚೌಕಟ್ಟು ಹಾಕಿ ಹಳೇ ಡಿಸ್ಕನ್ನು ಅಲ್ಲಿ ಕೂರಿಸಬಹುದು. ನನಗೆ ಅಷ್ಟು ಇಷ್ಟ ಇಲ್ಲ, ಬ್ಯಾಟರಿ ತಿನ್ನುತ್ತದೆ.

ಕ್ಲೋನ್‌ಗೆ ಮೊದಲು ಹಳೇ ಡಿಸ್ಕಿನ ಆರೋಗ್ಯ ನೋಡಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ತೆರೆದರೆ ಮೇಲೆ ಎಡಗಡೆ ನೀಲಿ ಬಣ್ಣದಲ್ಲಿ ಗುಡ್ ಅಂತ ಇದ್ದರೆ ಸರಿ. ಹಳದಿ ಬಣ್ಣದಲ್ಲಿ ಕಾಷನ್ ಅಂತ ಇದ್ದರೆ, ಅಥವಾ ರಾತ್ರಿ ಸದ್ದಿಲ್ಲದಾಗ ಲ್ಯಾಪ್‌ಟಾಪಿನಿಂದ ಟಿಕ್ ಟಿಕ್ ಅಂತ ಕೇಳುತ್ತಿದ್ದರೆ, ನಿಧಾನಕ್ಕೆ ಕಾರಣ ಡಿಸ್ಕ್ ಸಾಯುತ್ತಿರುವುದೇ ಇರಬಹುದು. ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಲು ಒದ್ದಾಡುತ್ತಿರುತ್ತದೆ. ಆಗ ಈ ಉತ್ತರವನ್ನು ಇಲ್ಲಿಗೇ ಬಿಟ್ಟು ಮೊದಲು ಮುಖ್ಯ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅಂಥ ಡಿಸ್ಕಿನ ಮೇಲೆ ಅಪ್‌ಗ್ರೇಡ್ ಒತ್ತುವುದು ಅಂದರೆ ಹಾರ್ಟ್ ಪೇಷಂಟನ್ನು ಮಧುಗಿರಿ ಬೆಟ್ಟ ಹತ್ತಿಸಿದ ಹಾಗೆ.

2026ರ ಅಕ್ಟೋಬರಿನಲ್ಲಿ ಇಎಸ್‌ಯು ಮುಗಿದ ಮೇಲೆ? ಆಗ ಎರಡು ದಾರಿ. ಈ ಲ್ಯಾಪ್‌ಟಾಪನ್ನು ಮಿಂಟ್ ಹಾಕಿ ಮಗಳಿಗೆ ಕೊಡುವುದು, ನೀವು ಬೇರೆ ತಗೊಳ್ಳುವುದು. ಹೊಸದೇ ಆಗಬೇಕಿಲ್ಲ, ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ ಮಾರುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ. ಅಲ್ಲಿ 8ನೇ ತಲೆಮಾರಿಗಿಂತ ಕೆಳಗಿನದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಈಗ ಹಾಕಿಸುವ ಎಸ್‌ಎಸ್‌ಡಿ ಮುಂದೆಯೂ ದಂಡವಾಗಲ್ಲ, ಒಂದು ಯುಎಸ್‌ಬಿ ಡಬ್ಬಿಗೆ ಹಾಕಿದರೆ ಹೊರಗಿನ ಡಿಸ್ಕ್ ಆಗಿ ಬಳಕೆಗೆ ಬರುತ್ತದೆ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ನಿಮ್ಮದು 8ನೇ ತಲೆಮಾರು ಅಥವಾ ಮೇಲೆ, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಆಗಲೇ ಇದೆ ಅಂದರೆ ವಿಂಡೋಸ್ 11ಕ್ಕೆ ಹೋಗಲು ಮೀನಮೇಷ ಎಣಿಸಬೇಡಿ. ಪಿಸಿ ಹೆಲ್ತ್ ಚೆಕ್ ಅನ್ನುವ ಮೈಕ್ರೋಸಾಫ್ಟಿನದೇ ಆ್ಯಪ್ ಓಡಿಸಿ, ಹಸಿರು ಟಿಕ್ ಬಂದರೆ ಬ್ಯಾಕಪ್ ತಗೊಂಡು ಮಾಡಿ. ಪುಕ್ಕಟೆ. ಹೊಸದಾಗಿ ಹಾಕಿದಾಗ ಡಿಸ್ಕಿಗೆ ಬೀಗ ಬೀಳುವುದುಂಟು, ಅದರ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದನ್ನು ಒಂದು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಿ. ಆಮೇಲೆ ಖಾತೆಯ ಪಾಸ್‌ವರ್ಡ್ ಮರೆತು ಅಳುವವರನ್ನು ನೋಡಿದ್ದೇನೆ.

ಮೇಷ್ಟ್ರೇ, ಅಂಗಡಿಗೆ ಕೊಡುವಾಗ ಬಿಲ್ಲಿನಲ್ಲಿ ‘ಎಸ್‌ಎಸ್‌ಡಿ, ಕ್ಲೋನ್, ವಿಂಡೋಸ್ 10 ಹಾಗೇ’ ಅಂತ ಬರೆಸಿಕೊಳ್ಳಿ. ವಾಪಸ್ ತರುವಾಗ ಅಲ್ಲೇ ಆನ್ ಮಾಡಿ, ಒಂದು ಹಳೇ ಪ್ರಶ್ನೆಪತ್ರಿಕೆ ತೆರೆದು ಅಕ್ಷರ ಸರಿಯಾಗಿ ಬರುತ್ತದಾ ನೋಡಿ. ಹಳೇ ಹಾರ್ಡ್ ಡಿಸ್ಕನ್ನು ಮರೆಯದೆ ಕೇಳಿ ತಗೊಳ್ಳಿ. ‘ಅದು ಹಾಳಾಗಿದೆ ಸಾರ್, ಇಲ್ಲೇ ಬಿಡಿ’ ಅನ್ನಬಹುದು. ಹಾಳಾಗಿದ್ದರೂ ತಗೊಂಡು ಬನ್ನಿ, ನಿಮ್ಮ ಮಕ್ಕಳ ಅಂಕ, ನಿಮ್ಮ ಪಾಸ್‌ವರ್ಡು ಎಲ್ಲ ಅದರಲ್ಲೇ ಇವೆ.